ಬಾಣಂತಿಯ ಮನಸ್ಸನ್ನೂ ವಿಚಾರಿಸಿ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮಗಳ ಬಾಣಂತನ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಯಲ್ಲೇ ಆಯಿತು. ಹನ್ನೊಂದನೆಯ ದಿನ ಬೆಳಿಗ್ಗೆ ಹಂಡೆಯಲ್ಲಿ ನೀರು ಕುದಿಯುತ್ತಿತ್ತು, ಮೀಯಿಸಲು ಬರುವ ಅಜ್ಜಿ ಎಣ್ಣೆ ಬಿಸಿಮಾಡಿ ಕಾದಿದ್ದರು. ಬಚ್ಚಲಿನ ಮೆಟ್ಟಿಲಲ್ಲಿ ಕುಳಿತ ಹುಡುಗಿ ಏಳಲೇ ಇಲ್ಲ. ಒಳಗೆ ಮಗು ಅತ್ತು ಅತ್ತು ಬಿಕ್ಕುತ್ತಿದ್ದರೂ ತಿರುಗಿ ನೋಡಲಿಲ್ಲ. "ದೊಡ್ಡಮ್ಮಾ, ಮಗುವನ್ನು ನೋಡಿದರೆ ನನಗೇನೂ ಆಗುವುದಿಲ್ಲ" ಎಂದಳು. ದೆವ್ವದ ಸೋಂಕು ತಗುಲಿದೆ, ನೂಲು ಕಟ್ಟಿಸಬೇಕು ಎಂದರು ಒಬ್ಬರು. ಈಗಿನವರಿಗೆ ತಾಳ್ಮೆ ಇಲ್ಲ ಎಂದರು ಇನ್ನೊಬ್ಬರು. ವರ್ಷಗಟ್ಟಲೆ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದ ನಾನೂ ಮೂರು ದಿನ ಸುಮ್ಮನಿದ್ದೆ. ಅದು ಇವತ್ತಿಗೂ ಮನಸ್ಸು ಚುಚ್ಚುತ್ತದೆ.

ಅವಳಿಗೆ ಆಗಿದ್ದು ಬಾಣಂತಿಯರಿಗೆ ಬರುವ ಖಿನ್ನತೆ ಎಂಬ ಕಾಯಿಲೆ. ಅದಕ್ಕೂ ಮೆದುಳಿನಲ್ಲಿರುವ ಸ್ಟೀರಾಯ್ಡ್ ಎಂಬ ರಾಸಾಯನಿಕಗಳಿಗೂ ನಂಟಿದೆ. ಸ್ಟೀರಾಯ್ಡ್ ಎಂದರೆ ನಮ್ಮ ಕಡೆ ಎಲ್ಲರಿಗೂ ಹೆದರಿಕೆ. ಆದರೆ ಮೆದುಳು ತನ್ನ ಸ್ಟೀರಾಯ್ಡುಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅಂಡಾಶಯ, ವೃಷಣ, ಅಡ್ರಿನಲ್ ಗ್ರಂಥಿಗಳಲ್ಲಿ ಮಾತ್ರ ಇವು ಹುಟ್ಟುತ್ತವೆ ಎಂದೇ ನಾನು ಪಾಠ ಮಾಡಿದ್ದೆ. ವೃಷಣ, ಅಡ್ರಿನಲ್ ಎರಡನ್ನೂ ತೆಗೆದ ಇಲಿಗಳ ಮೆದುಳಿನಲ್ಲೂ ಅವು ಉಳಿದಿರುವುದನ್ನು 1981ರಲ್ಲೇ ಫ್ರಾನ್ಸಿನ ಎಟಿಯೆನ್ ಬೋಲ್ಯು ಮತ್ತು ಸಂಗಡಿಗರು ತೋರಿಸಿದ್ದರು. ಕಚ್ಚಾವಸ್ತು ಕೊಲೆಸ್ಟ್ರಾಲ್. ರಕ್ತದಲ್ಲಿರುವ ಕೊಲೆಸ್ಟ್ರಾಲ್ ಮೆದುಳಿನ ಗಡಿ ದಾಟದು, ಹಾಗಾಗಿ ಅದೂ ಅಲ್ಲಿಯೇ ತಯಾರಾಗಬೇಕು. ಜೀವಕೋಶದ ಮೈಟೋಕಾಂಡ್ರಿಯದಲ್ಲಿ ಕಿಣ್ವವೊಂದು ಅದರ ಬಾಲ ಕತ್ತರಿಸಿದರೆ ಪ್ರೆಗ್ನೆನೊಲೋನ್, ಅದರಿಂದ ಪ್ರೊಜೆಸ್ಟರಾನ್, ಮತ್ತೆರಡು ಕಿಣ್ವಗಳ ಕೆಲಸ ಮುಗಿದಾಗ ಅಲೊಪ್ರೆಗ್ನನೊಲೋನ್. ನರಕೋಶಗಳ ಅಬ್ಬರ ತಗ್ಗಿಸುವ ಗಾಬಾ ಎಂಬ ರಾಸಾಯನಿಕವನ್ನು ಹಿಡಿದುಕೊಳ್ಳುವ ಗ್ರಾಹಕಗಳಿಗೆ ಬಲ ಕೊಡುವುದು ಈ ಕೊನೆಯದ್ದೇ.

ಬಸಿರಿನಲ್ಲಿ ಮಾಸು ಧಾರಾಳವಾಗಿ ಪ್ರೊಜೆಸ್ಟರಾನ್ ಸುರಿಸುತ್ತದೆ. ಮೆದುಳಿಗೆ ಅಲೊಪ್ರೆಗ್ನನೊಲೋನಿನ ಸುಗ್ಗಿ. ಮಾಸು ಬಿದ್ದ ಕೆಲವೇ ದಿನಗಳಲ್ಲಿ ಎರಡೂ ನೆಲಕಚ್ಚುತ್ತವೆ. ಈ ಇಳಿತ ಎಲ್ಲ ಬಾಣಂತಿಯರಿಗೂ ಇದ್ದದ್ದೇ, ಕೆಲವರ ಮೆದುಳಿಗೆ ಅದನ್ನು ತಾಳಿಕೊಳ್ಳುವುದು ಕಷ್ಟ ಎನ್ನುತ್ತಾರೆ ವಿಜ್ಞಾನಿಗಳು. ಈ ಖಿನ್ನತೆಗೆಂದು ಅಲೊಪ್ರೆಗ್ನನೊಲೋನನ್ನೇ 60 ಗಂಟೆ ಡ್ರಿಪ್ಪಿನಲ್ಲಿ ಕೊಡುವ ಔಷಧಿಗೆ 2019ರಲ್ಲಿ, ಅದೇ ಜಾತಿಯ 14 ದಿನಗಳ ಮಾತ್ರೆಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ನಮ್ಮ ಹುಡುಗಿಗೆ ಅವು ಬೇಕಾಗಲಿಲ್ಲ. ಮಂಗಳೂರಿನ ಮನೋವೈದ್ಯರು ಕೊಟ್ಟ ಸಾಮಾನ್ಯ ಮಾತ್ರೆ, ವಾರಕ್ಕೊಮ್ಮೆ ಮಾತುಕತೆ, ಮತ್ತು ರಾತ್ರಿ ಮಗುವನ್ನು ನಾವು ಎತ್ತಿಕೊಂಡು ಅವಳನ್ನು ಮಲಗಲು ಬಿಟ್ಟದ್ದು, ಇಷ್ಟರಲ್ಲೇ ಚೇತರಿಸಿಕೊಂಡಳು. ಎರಡನೇ ತಿಂಗಳಲ್ಲಿ ಒಂದು ದಿನ ತಾನಾಗಿಯೇ ಮಗುವಿಗೆ ಕಾಡಿಗೆ ಹಚ್ಚಿದಳು.

ಆಸ್ಪತ್ರೆಯಿಂದ ಬರುವಾಗ ಕೈಗೆ ಕೊಟ್ಟ ಕರಪತ್ರದಲ್ಲಿ ಇದೆಲ್ಲ ಇರಲಿಲ್ಲವೇ ಎಂದು ಆಮೇಲೆ ಹುಡುಕಿ ತೆಗೆದೆ. ಇತ್ತು, ನಾಲ್ಕು ಸಾಲು, ಮಲಯಾಳದಲ್ಲಿ. ನನ್ನ ತಂಗಿಗಾಗಲಿ ಮೀಯಿಸುವ ಅಜ್ಜಿಗಾಗಲಿ ಕನ್ನಡ ಬಿಟ್ಟರೆ ಬೇರೆ ಓದಲು ಬಾರದು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಎಷ್ಟೋ ಮನೆಗಳ ಕಥೆ ಇದೇ. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಬಸ್ಸಿನ ಬೋರ್ಡು, ಅರ್ಜಿ ಫಾರಂ ಎಂದಷ್ಟೇ ನಾವು ಹೋರಾಡುತ್ತೇವೆ. ಬಾಣಂತಿಯ ಕೋಣೆಗೆ ತಲುಪುವ ಕಾಗದ ಅವಕ್ಕಿಂತ ಮೊದಲು ಕನ್ನಡದಲ್ಲಿ ಇರಬೇಕು.

ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯರಲ್ಲೂ ಒಂದು ಕೋರಿಕೆ. ಮಗುವಿನ ತೂಕ ನೋಡುತ್ತೀರಿ, ಜ್ವರ ನೋಡುತ್ತೀರಿ. ತಾಯಿಯ ಹತ್ತಿರ ಕುಳಿತು, ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತದಾ, ಅಳು ಬರುತ್ತದಾ ಎಂದೂ ಕೇಳಿ. ಇದಕ್ಕೆಂದೇ 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ಬಾಣಂತಿ ಸಾಯುವ ಮಾತಾಡಿದರೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ ಎಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ನಾನೇ ಒಂದು ಪುಟ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ತಿದ್ದಿಕೊಡುವ ವೈದ್ಯರೊಬ್ಬರು ಸಿಕ್ಕರೆ ನನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿ, ಪೆರ್ಲದಿಂದ ಬದಿಯಡ್ಕದವರೆಗಿನ ಅಂಗನವಾಡಿಗಳಿಗೆ ತಲುಪಿಸುತ್ತೇನೆ.

— ನಿವೃತ್ತ ಅಧ್ಯಾಪಿಕೆ, ಪೆರ್ಲ, ಕಾಸರಗೋಡು