ರೆಡ್‌ವುಡ್ ಕಾಡಿನಲ್ಲಿ ರಾತ್ರಿ ತಂಗುವ ಮುನ್ನ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಜಗತ್ತಿನ ಅತಿ ಎತ್ತರದ ಮರಗಳಾದ ರೆಡ್‌ವುಡ್‌ಗಳು ಬೆಳೆಯುವ ಉತ್ತರ ಕ್ಯಾಲಿಫೋರ್ನಿಯಾದ ಕಾಡುಗಳನ್ನು ಕುರಿತು ನಿಮ್ಮ ಪ್ರವಾಸ ಪುರವಣಿಯಲ್ಲಿ ಈಚೆಗೆ ಬಂದ ಲೇಖನವನ್ನು ಸಂತೋಷದಿಂದ ಓದಿದೆ. ಮರಗಳ ವರ್ಣನೆಯಲ್ಲಿ ನನಗೆ ಯಾವ ತಕರಾರೂ ಇಲ್ಲ. ಆ ಮರಗಳ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡುವುದೇ ಕಷ್ಟ. ಆದರೆ ಬೆನ್ನಿಗೊಂದು ಚೀಲ, ಚೀಲದೊಳಗೊಂದು ಟೆಂಟ್ ಇದ್ದರೆ ಕಾಡಿನಲ್ಲಿ ಇಷ್ಟ ಬಂದ ಕಡೆ ರಾತ್ರಿ ಕಳೆಯಬಹುದು ಎಂಬರ್ಥದ ಮಾತೊಂದು ಲೇಖನದ ಕೊನೆಯಲ್ಲಿದೆ. ನಾನು ತೀರ್ಥಹಳ್ಳಿ ಕಡೆಯವನು, ಹದಿನೆಂಟು ವರ್ಷಗಳಿಂದ ಫ್ರೀಮಾಂಟಿನಲ್ಲಿ ನೆಲೆಸಿದ್ದೇನೆ. ಊರಿನಿಂದ ಬರುವ ನೆಂಟರು, ಸ್ನೇಹಿತರು ಇಂಥ ಲೇಖನಗಳ ತುಣುಕನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ‘ಟಿಕೆಟ್ ಆಗಿದೆ, ಎರಡು ರಾತ್ರಿ ಕಾಡಿನಲ್ಲಿ ಇಡು’ ಎಂದು ಹೇಳುವುದು ಪ್ರತಿವರ್ಷದ ರೂಢಿಯಾಗಿರುವುದರಿಂದ, ಆ ಒಂದು ಮಾತನ್ನು ತಿದ್ದಲು ಈ ಪತ್ರ ಬರೆಯುತ್ತಿದ್ದೇನೆ.

ಜನ ಒಂದೇ ಹೆಸರಿನಿಂದ ಕರೆದರೂ ಅಲ್ಲಿರುವುದು ಒಂದೇ ಉದ್ಯಾನವಲ್ಲ. 1968ರಲ್ಲಿ ಸ್ಥಾಪನೆಯಾದ ರೆಡ್‌ವುಡ್ ರಾಷ್ಟ್ರೀಯ ಉದ್ಯಾನವೂ ಅದಕ್ಕಿಂತ ಹಳೆಯದಾದ ಪ್ರೇರಿ ಕ್ರೀಕ್, ಡೆಲ್ ನಾರ್ಟ್ ಕೋಸ್ಟ್, ಜೆಡಿಡೈಯಾ ಸ್ಮಿತ್ ಎಂಬ ಮೂರು ರಾಜ್ಯ ಉದ್ಯಾನಗಳೂ 1994ರಿಂದ ಜಂಟಿ ಆಡಳಿತದಲ್ಲಿವೆ. ಕಾರು ನಿಲ್ಲಿಸಿ ಪಕ್ಕದಲ್ಲೇ ಟೆಂಟ್ ಹಾಕುವ ಜಾಗಗಳು ಬೇರೆ, ಬೆನ್ನ ಮೇಲೆ ಹೊತ್ತು ನಡೆದೇ ತಲುಪಬೇಕಾದ ಒಳಕಾಡಿನ ಶಿಬಿರಗಳು ಬೇರೆ. ಈ ಎರಡನೆಯವು, ಅಂದರೆ ಎಲಮ್, ಲಿಟಲ್ ಬಾಲ್ಡ್ ಹಿಲ್ಸ್, ಡಿಮಾರ್ಟಿನ್, ಆಸಗಾನ್ ಮುಂತಾದವು, ಕೆಲವೇ ಟೆಂಟುಗಳಿಗೆ ಜಾಗವಿರುವ ಸಣ್ಣ ತಾಣಗಳು. ಇವಕ್ಕೆ ಪರವಾನಗಿ ಬೇಕು. ಯಾವ ರಾತ್ರಿ ಯಾವ ಶಿಬಿರದಲ್ಲಿ ಎಷ್ಟು ಮಂದಿ ಎಂಬುದನ್ನು ಬರೆದು ಆನ್‌ಲೈನ್‌ನಲ್ಲಿ ಮುಂಚಿತವಾಗಿ ಅರ್ಜಿ ಹಾಕಬೇಕು. ರಾಷ್ಟ್ರೀಯ ಉದ್ಯಾನದ ಪರವಾನಗಿ ಉಚಿತ. ಉಚಿತ ಎಂದ ಕೂಡಲೇ ಅದು ಬೇಕಿದ್ದರೆ ಪಡೆಯಬಹುದಾದದ್ದು ಎಂದು ನಮ್ಮವರು ಅರ್ಥ ಮಾಡಿಕೊಳ್ಳುತ್ತಾರೆ. ಅದು ಕಡ್ಡಾಯ.

ಹಳೆಯ ಬರಹಗಳನ್ನು ನಂಬಿ ಯೋಜನೆ ಹಾಕುವುದೂ ಅಪಾಯವೇ. ಸ್ಯಾನ್ ಹೋಸೆ ಸುತ್ತಮುತ್ತಲಿನ ನಮ್ಮಂಥವರಿಗೆ ಹತ್ತಿರವಿರುವ ಬಿಗ್ ಬೇಸಿನ್, 1902ರಲ್ಲಿ ಸ್ಥಾಪನೆಯಾದ, ಕ್ಯಾಲಿಫೋರ್ನಿಯಾದ ಅತ್ಯಂತ ಹಳೆಯ ರಾಜ್ಯ ಉದ್ಯಾನ. ಅಲ್ಲಿಂದ ಕಡಲವರೆಗೆ ಇಳಿಯುವ ಹಾದಿಯ ಶಿಬಿರಗಳನ್ನು ಹೊಗಳಿದ ಬರಹಗಳು ಇಂದಿಗೂ ಓಡಾಡುತ್ತಿವೆ. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಆ ಉದ್ಯಾನದ ಶೇಕಡಾ 97 ಭಾಗವನ್ನು ಸುಟ್ಟಿತೆಂಬುದು ಆ ಬರಹಗಳಿಗೆ ಗೊತ್ತಿಲ್ಲ. ದಪ್ಪ ತೊಗಟೆಯ ಹಳೆಯ ರೆಡ್‌ವುಡ್‌ಗಳು ಬಹುಪಾಲು ಬದುಕಿಕೊಂಡು ಕಾಂಡದ ತುಂಬ ಹಸುರು ಚಿಗುರು ಹೊಮ್ಮಿಸಿದವು. ಕಟ್ಟಡಗಳಿಗೆ, ಶಿಬಿರಗಳಿಗೆ, ಸೇತುವೆಗಳಿಗೆ ಹಾಗೆ ಚಿಗುರುವುದು ಬರುವುದಿಲ್ಲ. ಆದ್ದರಿಂದ ಯಾವ ಶಿಬಿರ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಉದ್ಯಾನದ ಪ್ರಕಟಣೆಯಲ್ಲಿಯೇ ನೋಡಬೇಕು.

ಇನ್ನು ದಿನಾಂಕದ ಮಾತು. ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ. ಓರಿಕ್ ಎಂಬ ಸಣ್ಣ ಊರಿನ ಬಳಿಯಿಂದ ಹೊರಡುವ ರೆಡ್‌ವುಡ್ ಕ್ರೀಕ್ ಹಾದಿ ಸುಮಾರು 13 ಕಿಲೋಮೀಟರ್ ನಡೆದು ‘ಟಾಲ್ ಟ್ರೀಸ್’ ತೋಪನ್ನು ಸೇರುತ್ತದೆ. ಹೊರಟು ಎರಡೂವರೆ ಕಿಲೋಮೀಟರಿನೊಳಗೆ ಒಮ್ಮೆ, ತೋಪಿನ ಹತ್ತಿರ ಇನ್ನೊಮ್ಮೆ ಹೊಳೆ ದಾಟಬೇಕು. ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಅಡಿಕೆ ಮರದ ಕಾಲುಸಂಕ ಹಾಕುವುದು ರೂಢಿ. ಅಲ್ಲಿ ಮಳೆಗಾಲಕ್ಕೆ ಮೊದಲು ಸಂಕವನ್ನು ತೆಗೆದುಬಿಡುತ್ತಾರೆ. ಆ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ 1500ರಿಂದ 2000 ಮಿಲಿಮೀಟರ್ ಮಳೆ ಬಹುತೇಕ ಅಕ್ಟೋಬರಿನಿಂದ ಏಪ್ರಿಲಿನೊಳಗೆ ಬೀಳುವುದರಿಂದ, ಹೊಳೆ ಇಳಿದ ಮೇಲೆ ಬೇಸಿಗೆಯ ಕೆಲವೇ ತಿಂಗಳ ಮಟ್ಟಿಗೆ ತಾತ್ಕಾಲಿಕ ಸಂಕ ಹಾಕಿ, ಹೊಸ ಮಳೆ ಬರುವ ಮುನ್ನ ಬಿಚ್ಚಿಡುತ್ತಾರೆ. ಉಳಿದ ಕಾಲದಲ್ಲಿ ಆ ಹೊಳೆ ದಾಟುವುದು ಜೀವಕ್ಕೆ ಅಪಾಯ.

ಈಗ ನಮ್ಮ ಶಾಲೆಗಳ ರಜೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕರ್ನಾಟಕದಲ್ಲಿ ಬೇಸಿಗೆ ರಜೆ ಏಪ್ರಿಲ್ ಮತ್ತು ಮೇ. ಆಗ ಅಲ್ಲಿ ಸಂಕ ಇನ್ನೂ ಬಂದಿರುವುದಿಲ್ಲ. ದಸರಾ ರಜೆಯ ಹೊತ್ತಿಗೆ ತೆಗೆಯುವ ಸಮಯವಾಗಿರುತ್ತದೆ. ಅಂದರೆ ಮಕ್ಕಳ ರಜೆಗೆ ಸರಿಯಾಗಿ ವಿಮಾನದ ಟಿಕೆಟ್ ಮಾಡಿಸಿ, ಆಮೇಲೆ ಈ ಕಾಡಿಗೆ ದಿನ ಹುಡುಕಿದರೆ ದಿನ ಸಿಗುವುದಿಲ್ಲ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಒಳಗೆ ಬರಲು ಆಗದವರು ರೆಡ್‌ವುಡ್ ಕ್ರೀಕ್ ಆಸೆ ಬಿಟ್ಟು, ಈ ಹೊಳೆ ದಾಟದೆ ತಲುಪಬಹುದಾದ ಲಿಟಲ್ ಬಾಲ್ಡ್ ಹಿಲ್ಸ್‌ನಂಥ ಶಿಬಿರವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಇದನ್ನು ನಾನು ಕಲಿತದ್ದು ಬುದ್ಧಿವಂತಿಕೆಯಿಂದಲ್ಲ. ಆರು ವರ್ಷಗಳ ಹಿಂದೆ ಮೇ ತಿಂಗಳ ಎರಡನೆಯ ವಾರ ನಾವು ನಾಲ್ವರು ಫ್ರೀಮಾಂಟಿನಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಕಾರು ಓಡಿಸಿಕೊಂಡು ಹೋಗಿ, ಹದಿನೈದು ಹದಿನೈದು ಕಿಲೋ ಹೊತ್ತು, ಮೊದಲ ದಾಟಿನ ಮುಂದೆ ಬಂದು ನಿಂತೆವು. ಸಂಕದ ಸುಳಿವೇ ಇಲ್ಲ. ನೀರು ತಿಳಿಯಾಗಿ, ಮೊಣಕಾಲುದ್ದ ಮಾತ್ರ ಇರುವಂತೆ ಕಾಣುತ್ತಿತ್ತು. ಊರುಗೋಲು ಇಳಿಸಿ ನೋಡಿದರೆ ತೊಡೆಯವರೆಗೆ ಆಳ. ಕೋಲು ಕೈಯಲ್ಲಿ ಗಡಗಡ ನಡುಗುತ್ತಿತ್ತು, ತಳದಲ್ಲಿ ಕಲ್ಲುಗಳು ಉರುಳುವ ಸದ್ದು ದಡಕ್ಕೆ ಕೇಳುತ್ತಿತ್ತು. ತುಂಗೆಯಲ್ಲಿ ಈಜು ಕಲಿತವನೆಂಬ ಜಂಬ ನನಗಿತ್ತು. ಆ ಸದ್ದು ಕೇಳಿದ ಮೇಲೆ ಅದನ್ನು ಅಲ್ಲಿಯೇ ಬಿಟ್ಟು ವಾಪಸಾದೆವು. ಸಂಕ ಇರುವುದಿಲ್ಲವೆಂದು ನಮ್ಮ ಜೇಬಿನಲ್ಲಿದ್ದ ಕಾಗದದಲ್ಲಿಯೇ ಅಚ್ಚಾಗಿತ್ತು. ನಾಲ್ವರಲ್ಲಿ ಒಬ್ಬರೂ ಓದಿರಲಿಲ್ಲ.

ಮರುವರ್ಷ ಜುಲೈನಲ್ಲಿ ಹೋಗಿ, ಹೊಳೆಯ ಜಲ್ಲಿಕಲ್ಲಿನ ದಂಡೆಯಲ್ಲಿ ಮಲಗಿದೆವು. ಗೊತ್ತುಪಡಿಸಿದ ಶಿಬಿರದ ಹೊರಗೆ, ಪರವಾನಗಿಯೊಂದಿಗೆ, ತಾವೇ ಜಾಗ ಆರಿಸಿಕೊಂಡು ತಂಗಲು ಅವಕಾಶವಿರುವುದು ಈ ದಂಡೆಗಳಲ್ಲಿ. ಬಹುಶಃ ನಿಮ್ಮ ಲೇಖಕರ ‘ಇಷ್ಟ ಬಂದ ಕಡೆ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಆದರೆ ಇದಕ್ಕೂ ಗಡಿಯಿದೆ: ಮೊದಲ ಸಂಕಕ್ಕಿಂತ ಮೇಲ್ಭಾಗದಲ್ಲಿ ಮಾತ್ರ ತಂಗಬೇಕು, ಟಾಲ್ ಟ್ರೀಸ್ ತೋಪಿನಿಂದ ಕಾಲು ಮೈಲಿಯಷ್ಟಾದರೂ ದೂರವಿರಬೇಕು.

ಬರುವವರಿಗೆ ಇನ್ನೊಂದು ಸಂಗತಿ ತಿಳಿದಿರಲಿ. ಈ ದಂಡೆಯಲ್ಲಿ ಮಲಗಿದಾಗ ತಲೆಯ ಮೇಲೆ ಇರುವುದು ದೈತ್ಯ ಮರಗಳ ಚಪ್ಪರವಲ್ಲ, ಬಯಲು ಆಕಾಶ. ಹಾದಿಯ ಉದ್ದಕ್ಕೂ ಹಲವೆಡೆ ಸಿಗುವುದು ಕಡಿದ ಕಾಡು ಮತ್ತೆ ಬೆಳೆದ ಎಳೆಯ ಮರಗಳು. 1963ರಲ್ಲಿ ಇದೇ ತೋಪಿನಲ್ಲಿ 367 ಅಡಿಗೂ ಮೀರಿದ ಮರವನ್ನು ಅಳೆದ ಸುದ್ದಿಯಿಂದ ಉದ್ಯಾನದ ಬೇಡಿಕೆಗೆ ಬಲ ಬಂತು. ಆದರೆ 1968ರಲ್ಲಿ ಗುರುತಿಸಿದ ಗಡಿಯ ಮೇಲ್ಭಾಗದಲ್ಲಿ ಮರ ಕಡಿಯುವುದು ಮುಂದುವರಿಯಿತು. ಬೋಳಾದ ಗುಡ್ಡಗಳಿಂದ ಕೊಚ್ಚಿಬಂದ ಮಣ್ಣು, ಕಲ್ಲು ಹೊಳೆಯ ಪಾತ್ರವನ್ನು ತುಂಬಿ ಆ ತೋಪಿನ ಬುಡಕ್ಕೇ ಸಂಚಕಾರ ತಂದಾಗ, 1978ರಲ್ಲಿ ಉದ್ಯಾನಕ್ಕೆ 48,000 ಎಕರೆ ಸೇರಿಸಬೇಕಾಯಿತು. ನಾವು ಟೆಂಟಿನ ಗೂಟ ನೆಡಲಾಗದೆ ಹಗ್ಗವನ್ನು ಕಲ್ಲಿಗೆ ಕಟ್ಟಿ ಮಲಗಿದ ಆ ಜಲ್ಲಿಯಲ್ಲಿ ಮೇಲಿನ ಗುಡ್ಡಗಳಿಂದ ಹಾಗೆ ಇಳಿದು ಬಂದ ಕಲ್ಲೂ ಸೇರಿದೆ.

ಊಟದ ವಿಚಾರವನ್ನು ನಮ್ಮ ಓದುಗರಿಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಲ್ಲಿ ಕರಿ ಕರಡಿಗಳಿವೆ. ತಿನ್ನುವ ವಸ್ತು, ಟೂತ್‌ಪೇಸ್ಟ್, ಸೋಪು, ತಲೆಗೆಣ್ಣೆ ಹೀಗೆ ವಾಸನೆ ಇರುವ ಸಕಲವನ್ನೂ ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲೋ ಶಿಬಿರದಲ್ಲಿರುವ ಲೋಹದ ಪೆಟ್ಟಿಗೆಯಲ್ಲೋ ಇಡಬೇಕು. ಟೆಂಟಿನೊಳಗೆ ಏನೂ ಇರಬಾರದು. ಈ ಡಬ್ಬಿ ಚಾರಣ ಸಾಮಗ್ರಿಯ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಗಾತ್ರದಲ್ಲಿ ನಮ್ಮ ಐದು ಕಿಲೋ ಅಕ್ಕಿಯ ಡಬ್ಬದಷ್ಟು, ಕೆಲವದರ ಮುಚ್ಚಳ ತೆರೆಯಲು ನಾಣ್ಯ ಬೇಕು. ಒಬ್ಬರ ನಾಲ್ಕು ದಿನದ ಊಟ ಅದರಲ್ಲಿ ಹಿಡಿಸಬೇಕೆಂದರೆ ಚಕ್ಕುಲಿ, ಕೋಡುಬಳೆಗಳನ್ನು ಮನೆಯಲ್ಲೇ ಬಿಡಬೇಕಾಗುತ್ತದೆ, ಏಕೆಂದರೆ ಅವು ಡಬ್ಬಿಯಲ್ಲಿ ತುಂಬುವುದು ಬರೀ ಗಾಳಿಯನ್ನು. ಹುರಿದ ರವೆ, ತೆಳು ಅವಲಕ್ಕಿ, ಚಟ್ನಿಪುಡಿ ಒತ್ತಿ ತುಂಬಿದರೆ ಚೆನ್ನಾಗಿ ಕೂರುತ್ತವೆ. ಎಲ್ಲಕ್ಕಿಂತ ಮೇಲು ನಮ್ಮ ಹುರಿಹಿಟ್ಟು; ಬೆಲ್ಲ, ನೀರು ಸೇರಿಸಿ ಕಲಸಿದರೆ ಒಲೆಯೂ ಬೇಡ. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ತರುವಂತಿಲ್ಲವಾದ್ದರಿಂದ ಅದನ್ನು ಇಲ್ಲಿಯೇ ಕೊಳ್ಳಬೇಕು. ಹೊಳೆ ನೀರು ಎಷ್ಟೇ ತಿಳಿಯಾಗಿದ್ದರೂ ಸೋಸದೆ, ಕುದಿಸದೆ ಕುಡಿಯಬಾರದು.

ಚಕ್ಕುಲಿಯ ಮೇಲಿನ ನನ್ನ ಆಕ್ಷೇಪಕ್ಕೆ ಇನ್ನೂ ದೊಡ್ಡ ಕಾರಣವಿದೆ. ಮಾರ್ಬಲ್ಡ್ ಮರ್ರೆಲೆಟ್ ಎಂಬ ಪುಟ್ಟ ಕಡಲಹಕ್ಕಿಯೊಂದು ಸಮುದ್ರದಲ್ಲಿ ಮೀನು ಹಿಡಿದು, ಮೈಲಿಗಟ್ಟಲೆ ಒಳನಾಡಿಗೆ ಹಾರಿ, ಹಳೆಯ ಮರಗಳ ಎತ್ತರದ ಕೊಂಬೆಯ ಪಾಚಿಯ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಅದರ ಗೂಡು ಎಲ್ಲಿರುತ್ತದೆಂಬುದು ಅಮೆರಿಕದ ಪಕ್ಷಿತಜ್ಞರಿಗೆ ತಿಳಿದದ್ದೇ 1974ರಲ್ಲಿ, ಬಿಗ್ ಬೇಸಿನ್‌ನಲ್ಲಿ ಮರ ಹತ್ತಿದವರೊಬ್ಬರ ಕಣ್ಣಿಗೆ ಬಿದ್ದಾಗ. ನಾವು ಕೆಡವಿದ ತಿಂಡಿಯ ಪುಡಿಗೆ ಸ್ಟೆಲ್ಲರ್ಸ್ ಜೇ ಎಂಬ ನೀಲಿ ಹಕ್ಕಿ ಬರುತ್ತದೆ. ಅದು ನಮ್ಮ ಕಾಗೆಯ ಕುಟುಂಬದ್ದು, ಬುದ್ಧಿಯೂ ಕಾಗೆಯದೇ. ಪುಡಿ ಸಿಗುವ ಕಡೆ ಅವುಗಳ ಸಂಖ್ಯೆ ಹೆಚ್ಚುತ್ತದೆ, ಹೆಚ್ಚಿದವು ಮರ್ರೆಲೆಟ್‌ನ ಮೊಟ್ಟೆ, ಮರಿಗಳನ್ನು ತಿನ್ನುತ್ತವೆ. ಊಟದ ಜಾಗದಲ್ಲಿ ಒಂದು ಅಗಳೂ ಉಳಿಯಬಾರದೆಂದು ಉದ್ಯಾನದವರು ಹೇಳುವುದು ಇದಕ್ಕಾಗಿಯೇ. ತುತ್ತಿನಲ್ಲಿ ಒಂದು ಪಾಲನ್ನು ಹಕ್ಕಿಗೆ ಇಡುವ ಸಂಸ್ಕಾರದವರು ನಾವು. ಆ ಕಾಡಿನಲ್ಲಿ ಮಾತ್ರ ಅದನ್ನು ಮರೆಯಬೇಕು.

ಶೌಚದ ಬಗ್ಗೆಯೂ ಎರಡು ಮಾತು. ಕಕ್ಕಸು ಇಲ್ಲದ ಕಡೆ ಹೊಳೆಯಿಂದ 60 ಮೀಟರ್ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ ಮುಚ್ಚಬೇಕು. ನೀರು ಬಳಸುವ ನಾವು ನೀರನ್ನು ಅಲ್ಲಿಗೆ ಹೊತ್ತೊಯ್ಯಬೇಕೇ ಹೊರತು ಹೊಳೆಗೆ ಇಳಿಯಬಾರದು.

ಜುಲೈ ಎಂದರೆ ಸೆಖೆ ಎಂದು ತಿಳಿದು ಹತ್ತಿ ಬಟ್ಟೆ ತಂದವರು ನಡುಗುತ್ತಾರೆ. ಬೇಸಿಗೆಯಲ್ಲಿ ಕಡಲಿನಿಂದ ದಟ್ಟ ಮಂಜು ಒಳಬರುತ್ತದೆ. ರೆಡ್‌ವುಡ್ ಕಾಡಿಗೆ ವರ್ಷದಲ್ಲಿ ಸಿಗುವ ನೀರಿನ ಸುಮಾರು ಮೂರನೆಯ ಒಂದು ಭಾಗ ಈ ಮಂಜಿನದು. ಮೋಡವಿಲ್ಲದ ರಾತ್ರಿಯಲ್ಲೂ ಎಲೆಗಳಿಂದ ಹನಿ ತೊಟ್ಟಿಕ್ಕಿ ಟೆಂಟ್ ನೆನೆಯುತ್ತದೆ. ಹಾದಿಯ ಬದಿಯಲ್ಲಿ ಮೂರು ಮೂರು ಎಲೆಯ ಪಾಯ್ಸನ್ ಓಕ್ ಗಿಡವಿರುತ್ತದೆ. ಅದು ನಮ್ಮ ಗೇರಿನ ಕುಟುಂಬದ್ದು. ಗೇರುಸೊನೆ ತಾಗಿ ಬೊಬ್ಬೆ ಎದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ವಯಸ್ಸಾದ ತಂದೆತಾಯಿಯರನ್ನು ಕರೆತರುವವರು ಇದಾವುದರ ಗೊಡವೆಗೂ ಹೋಗಬೇಕಿಲ್ಲ. ಲೇಡಿ ಬರ್ಡ್ ಜಾನ್ಸನ್ ತೋಪಿನಲ್ಲಿ ಎರಡೂವರೆ ಕಿಲೋಮೀಟರಿನ ಸಲೀಸು ಹಾದಿಯಿದೆ. ಮರಗಳೂ ಅಲ್ಲಿ ಹಾದಿಯ ಎರಡೂ ಬದಿಗೆ ಇವೆ.

ಕೊನೆಯದಾಗಿ, ಜಗತ್ತಿನ ಅತಿ ಎತ್ತರದ ಮರವಾದ ‘ಹೈಪೀರಿಯನ್’ ಅನ್ನು ನಿಮ್ಮ ಲೇಖನ ‘ನೋಡಲೇಬೇಕಾದ್ದು’ ಎಂಬ ಪಟ್ಟಿಯಲ್ಲಿ ಹಾಕಿದೆ. 2006ರಲ್ಲಿ ಪತ್ತೆಯಾದ ಈ ಸುಮಾರು 116 ಮೀಟರ್ ಎತ್ತರದ ಮರಕ್ಕೆ ಯಾವ ಹಾದಿಯೂ ಇಲ್ಲ. ಜನರು ಜರಿಗಿಡಗಳನ್ನು ತುಳಿದುಕೊಂಡು ಹೋಗಿ ಅದರ ಬುಡದ ನೆಲ ಸವೆಸಿದ್ದರಿಂದ 2022ರಲ್ಲಿ ಆ ಪ್ರದೇಶವನ್ನೇ ಮುಚ್ಚಲಾಯಿತು. ರೆಡ್‌ವುಡ್‌ನ ಬೇರು ಆಳಕ್ಕೆ ಇಳಿಯುವುದಿಲ್ಲ, ಅಗಲಕ್ಕೆ ಹಬ್ಬುತ್ತದೆ. ತುಳಿತ ನೇರ ಬೇರಿಗೇ ಬೀಳುತ್ತದೆ. ಅಲ್ಲಿಗೆ ಹೋಗಿ ಸಿಕ್ಕಿಬಿದ್ದವರಿಗೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಬುಡದಲ್ಲಿ ನಿಂತು ನೋಡಿದರೂ ಅದರ ತುದಿ ಕಾಣುವುದಿಲ್ಲವಂತೆ.

ಆದ್ದರಿಂದ ಲೇಖನದ ಆನ್‌ಲೈನ್ ಪ್ರತಿಯಲ್ಲಿ ಆ ಪಟ್ಟಿಯಿಂದ ಹೈಪೀರಿಯನ್ ಹೆಸರನ್ನು ತೆಗೆದು, ‘ಇಷ್ಟ ಬಂದ ಕಡೆ’ ಎಂಬುದರ ಜಾಗದಲ್ಲಿ ‘ಪರವಾನಗಿ ಪಡೆದು, ಗೊತ್ತುಪಡಿಸಿದ ಶಿಬಿರಗಳಲ್ಲಿ ಅಥವಾ ಅವಕಾಶವಿರುವ ಹೊಳೆದಂಡೆಯಲ್ಲಿ; ರೆಡ್‌ವುಡ್ ಕ್ರೀಕ್ ಆದರೆ ಜೂನ್ ಮಧ್ಯದಿಂದ ಸೆಪ್ಟೆಂಬರ್ ಒಳಗೆ’ ಎಂದು ತಿದ್ದಬೇಕಾಗಿ ವಿನಂತಿ. ಏಪ್ರಿಲ್ ಟಿಕೆಟಿನ ಮಾತು ಎತ್ತಿ ಈಗಾಗಲೇ ಇಬ್ಬರು ನನಗೆ ಫೋನ್ ಮಾಡಿದ್ದಾರೆ.

ಇತಿ ನಮಸ್ಕಾರಗಳೊಂದಿಗೆ,
ನಿಮ್ಮ ಓದುಗ
ಫ್ರೀಮಾಂಟ್, ಕ್ಯಾಲಿಫೋರ್ನಿಯಾ