ಹುಡುಗ ಬಿಟ್ಟು ಹೋಗಲಿ, ಕಲಿಸಿದ ಖರ್ಚು ಸಿಗಲಿ

ಸಂಪಾದಕರೇ,

ಗುತ್ತಿಗೆ ಮುಗಿದ ಮೇಲೆ ಫುಟ್‌ಬಾಲ್ ಆಟಗಾರ ಬೇರೆ ಕ್ಲಬ್‌ಗೆ ಹೋದರೆ ಹಳೆ ಕ್ಲಬ್‌ಗೆ ಯಾಕೆ ದುಡ್ಡು ಕೊಡಬೇಕು, ಹಾಗೆ ದುಡ್ಡು ಕೇಳಬಾರದು ಅಂತ ಯುರೋಪಿನ ನ್ಯಾಯಾಲಯ ಕೊಟ್ಟ 1995ರ ಬೋಸ್ಮನ್ ತೀರ್ಪಿನಲ್ಲೇ ಅದು ಮುಗಿದ ಕಥೆಯಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಮುಗಿದಿಲ್ಲ. ಎಳೆಯ ಆಟಗಾರರ ವಿಷಯ ಬೇರೆ.

ನಾನು ಕೆಲವು ವರ್ಷ ಚಿಕ್ಕ ಹುಡುಗರಿಗೆ ಆಟ ಕಲಿಸಿದವನು. ಒಬ್ಬನಿಗೆ ಎಡಗಾಲೇ ಇಲ್ಲವೇನೋ ಅನ್ನಿಸುತ್ತಿತ್ತು, ಚೆಂಡು ಎಡಕ್ಕೆ ಬಂದರೂ ಸುತ್ತಿ ಬಳಸಿ ಬಲಗಾಲಲ್ಲೇ ಒದೆಯುತ್ತಿದ್ದ. ಆಟ ಮುಗಿದು ಎಲ್ಲರೂ ಹೋದ ಮೇಲೆ ಅವನನ್ನು ಗೋಡೆ ಎದುರು ನಿಲ್ಲಿಸಿ ಎಡಗಾಲಲ್ಲೇ ಒದೆಸುತ್ತಿದ್ದೆ. ಸರಿಹೋಗಲು ಎರಡು ಸೀಸನ್ ಹಿಡಿಯಿತು. ಅವನ ಜೊತೆ ಕಲಿತ ಉಳಿದವರು ಯಾರೂ ಆಟಗಾರರಾಗಲಿಲ್ಲ. ಆದರೆ ಅವರಿಗೂ ಅಷ್ಟೇ ಚೆಂಡು, ಅಷ್ಟೇ ಸಮಯ ಹೋಗಿದೆ.

ಯುರೋಪಿನ ನ್ಯಾಯಾಲಯ 2010ರಲ್ಲಿ ಹೇಳಿದ್ದೂ ಇದನ್ನೇ. ಒಲಿವಿಯೆ ಬರ್ನಾರ್ಡ್ ಅನ್ನೋ ಆಟಗಾರ ಫ್ರಾನ್ಸಿನ ಲಿಯೋನ್ ಕ್ಲಬ್‌ನಲ್ಲಿ ತರಬೇತಿ ಮುಗಿಸಿ, ಅಲ್ಲಿ ಸಹಿ ಹಾಕದೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಕ್ಲಬ್‌ಗೆ ಹೋಗಿದ್ದ. ಹಳೆ ಕ್ಲಬ್ ಪರಿಹಾರ ಕೇಳುವುದು ತಪ್ಪಲ್ಲ, ಆದರೆ ಅದು ತರಬೇತಿಗೆ ನಿಜವಾಗಿ ಆದ ಖರ್ಚಿಗೆ ತಕ್ಕಂತೆ ಇರಬೇಕು, ವೃತ್ತಿಪರರಾಗದ ಹುಡುಗರ ಖರ್ಚನ್ನೂ ಸೇರಿಸಬಹುದು ಅಂತ ತೀರ್ಪು ಬಂತು. ನನಗೆ ತುಂಬಾ ಸರಿ ಅನ್ನಿಸಿದ ಮಾತು ಇದು.

ಆದರೆ ಮೊತ್ತ ನಿಗದಿ ಮಾಡುವ ರೀತಿ ಸರಿಯಿಲ್ಲ. ಇಂಗ್ಲೆಂಡಿನಲ್ಲಿ 24 ತುಂಬದ ಆಟಗಾರನಿಗೆ ಹಳೆ ಕ್ಲಬ್ ಮೊದಲಿಗಿಂತ ಕಡಿಮೆಯಿಲ್ಲದ ಹೊಸ ಗುತ್ತಿಗೆ ಕೊಡಲು ಮುಂದೆ ಬಂದಿದ್ದರೆ ಮಾತ್ರ ಪರಿಹಾರ. ಎರಡೂ ಕ್ಲಬ್ ಒಪ್ಪದಿದ್ದರೆ ಒಂದು ಸಮಿತಿ ಮೊತ್ತ ಹೇಳುತ್ತದೆ. ಡ್ಯಾನಿ ಇಂಗ್ಸ್ 2015ರಲ್ಲಿ ಬರ್ನ್ಲಿ ಬಿಟ್ಟು ಲಿವರ್‌ಪೂಲ್ ಸೇರಿದ. 65 ಲಕ್ಷ ಪೌಂಡ್ ಕೊಡಬೇಕು, ಅದರ ಮೇಲೆ ಕೆಲವು ಷರತ್ತು ಈಡೇರಿದರೆ ಕೊಡುವ ದುಡ್ಡು ಬೇರೆ ಅಂತ ತೀರ್ಮಾನವಾದದ್ದು 2016ರಲ್ಲಿ. ಬರ್ನ್ಲಿ ಹೇಗೋ ಕಾಯಬಹುದು. ಮುಂದಿನ ತಿಂಗಳ ಸಂಬಳಕ್ಕೇ ಪರದಾಡುವ ಚಿಕ್ಕ ಕ್ಲಬ್ ಏನು ಮಾಡಬೇಕು?

ಫಿಫಾ ನಿಯಮದಲ್ಲಿ ಇನ್ನೊಂದು ಗೋಳು. ಯುರೋಪಿನ ಒಕ್ಕೂಟದ ಒಳಗೆ, ಗುತ್ತಿಗೆ ಮುಗಿಯುವ 60 ದಿನ ಮೊದಲೇ ಹೊಸ ಗುತ್ತಿಗೆಯನ್ನು ಲಿಖಿತವಾಗಿ ಮುಂದಿಡದಿದ್ದರೆ ಪರಿಹಾರದ ಹಕ್ಕೇ ಕೈತಪ್ಪಬಹುದು. ಹುಡುಗ ಬೇಡ ಅಂದವರಿಗೆ ದುಡ್ಡೂ ಬೇಡ, ಅದನ್ನು ಒಪ್ಪುತ್ತೇನೆ. ಆದರೆ ದೊಡ್ಡ ಕ್ಲಬ್‌ನಲ್ಲಿ ಇದನ್ನು ನೋಡಿಕೊಳ್ಳಲು ವಕೀಲರೇ ಇರುತ್ತಾರೆ. ಚಿಕ್ಕ ಕ್ಲಬ್‌ನಲ್ಲಿ ಕೆಲಸದಿಂದ ಬಂದು ಸಂಜೆ ಕಾಗದಪತ್ರ ನೋಡುವ ಒಬ್ಬ ಕಾರ್ಯದರ್ಶಿ. ಒಂದು ಪತ್ರ ತಡವಾದರೆ ವರ್ಷಗಳ ಶ್ರಮ ನೀರುಪಾಲು.

ವಯಸ್ಸು, ಕಲಿಸಿದ ವರ್ಷ, ನಿಜವಾದ ಖರ್ಚು ನೋಡಿ ದರವನ್ನು ಮೊದಲೇ ನಿಗದಿ ಮಾಡಲಿ. ದಿನಾಂಕ ಹತ್ತಿರ ಬಂದಾಗ ಫೆಡರೇಶನ್ನೇ ಕ್ಲಬ್‌ಗೆ ನೆನಪಿಸಲಿ. ದುಡ್ಡಿನ ಜಗಳ ಎರಡು ಕ್ಲಬ್‌ಗಳ ನಡುವೆ ಮಾತ್ರ ಇರಲಿ, ಅದು ಮುಗಿಯುವ ತನಕ ಹುಡುಗನನ್ನು ಬೆಂಚಿನ ಮೇಲೆ ಕೂರಿಸಬೇಡಿ.

ಇಂತಿ,
ಒಬ್ಬ ಹಳೆ ಕೋಚ್