ಪುಟ್ಟಿಗೆ, ಆ ಕ್ಲೇಮ್ ಲೆಟರ್ ವಿಷಯ

ಪ್ರೀತಿಯ ಪುಟ್ಟೀ,

ಭಾನುವಾರ ಆದದ್ದನ್ನು ಇಲ್ಲಿ ಮತ್ತೆ ಬರೆಯಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ರೈಲು ಹೊರಟಾಗ ನೀನು ಅಮ್ಮನಿಗೆ ಮಾತ್ರ ಕೈ ಬೀಸಿದ್ದನ್ನೂ ಬರೆಯಲ್ಲ. ಫೋನ್ ಮಾಡಿದರೆ 'ಮೀಟಿಂಗಲ್ಲಿದ್ದೀನಿ' ಅಂತ ಮೆಸೇಜ್ ಬರುತ್ತದೆ. ರಾತ್ರಿ ಒಂಬತ್ತೂವರೆಗೆ ಎಂಥಾ ಮೀಟಿಂಗೋ. ಇರಲಿ. ಕಾಗದ ಆದರೆ ಮಧ್ಯದಲ್ಲಿ ಕಟ್ ಮಾಡೋಕೆ ಆಗಲ್ಲ, ಅಲ್ವಾ?

ನಿನ್ನ ವಿಮಾ ಕಂಪನಿಯಿಂದ ಆಸ್ಪತ್ರೆ ಖರ್ಚಿನ ಕ್ಲೇಮ್ ಕೇಳಿದವರಿಗೆ ಹೋಗುವ ನಿನ್ನ ಲೆಟರನ್ನು ಅತ್ತೆ ಎದುರಿಗೆ ಜೋರಾಗಿ ಓದಿದ್ದು ನಿನಗೆ ಅವಮಾನ ಆಗಿದೆ ಅಂತ ಅಮ್ಮ ಹೇಳಿದಳು. ಅಷ್ಟರ ಮಟ್ಟಿಗೆ ಸಾರಿ. ಕೆಂಪು ಪೆನ್ನಲ್ಲಿ ತಿದ್ದಿದ್ದಕ್ಕಲ್ಲ.

ಇನ್ನೊಂದು ಹೇಳಬೇಕು. ಆ ಲೆಟರಿನ ಕೆಳಗೆ ನಿನ್ನ ಹೆಸರು ನೋಡಿ ನನಗೆ ಎಷ್ಟು ಹೆಮ್ಮೆ ಆಯಿತು ಅಂತ ನಿನಗೆ ಗೊತ್ತಾಗಲಿಲ್ಲ. ತಾಲ್ಲೂಕು ಆಫೀಸಿನ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂತು, ಎಲ್ಲಾ ಕಾಗದದ ಕೆಳಗೂ ಬೇರೆಯವರ ಸಹಿಗೆ ಜಾಗ ಬಿಟ್ಟವನು ನಾನು. ನನ್ನ ಮಗಳ ಹೆಸರು ಅಚ್ಚಾಗಿ ಬಂತು. ಆಮೇಲೆ ಕಣ್ಣು ಮೇಲಿನ ಸಾಲಿಗೆ ಹೋಯಿತು. ಅಲ್ಲಿಂದ ಶುರುವಾಯಿತು ಎಲ್ಲಾ.

'ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು ದಟ್ ದ ಕ್ಲೇಮ್ ಪ್ರಿಫರ್ಡ್ ಬೈ ಯು ಈಸ್ ನಾಟ್ ಅಡ್ಮಿಸಿಬಲ್ ಇನ್ ದ ಆಬ್ಸೆನ್ಸ್ ಆಫ್ ದ ರಿಕ್ವಿಸಿಟ್ ಡಾಕ್ಯುಮೆಂಟ್ಸ್. ಕೈಂಡ್ಲಿ ಡೂ ದ ನೀಡ್‌ಫುಲ್ ಅಂಡ್ ರಿವರ್ಟ್ ಬ್ಯಾಕ್ ಅಟ್ ದ ಅರ್ಲಿಯೆಸ್ಟ್.'

ಬೇಕಾದ ಕಾಗದಪತ್ರ ಇಲ್ಲ, ಅದಕ್ಕೆ ಕ್ಲೇಮ್ ಒಪ್ಪೋಕಾಗಲ್ಲ, ಬೇಗ ಉತ್ತರ ಕೊಡಿ ಅಂತ ಹೇಳೋಕೆ ಇಷ್ಟು. ಈ ಸಾಲುಗಳು ನನಗೆ ಹೊಸದಲ್ಲ. ನನ್ನ ಬೆರಳಿಗೆ ಇವು ಬಾಯಿಪಾಠ. ನಿದ್ದೆಗಣ್ಣಲ್ಲೂ 'ವಿತ್ ರೆಫರೆನ್ಸ್ ಟು ದ ಅಬೌ ಸೈಟೆಡ್ ಸಬ್ಜೆಕ್ಟ್' ಅಂತ ತಪ್ಪಿಲ್ಲದೆ ಹೊಡೆಯುತ್ತಿದ್ದೆ. ನನ್ನನ್ನು ತಡೆದು ನಿಲ್ಲಿಸಿದ್ದು ಅದರಲ್ಲಿರುವ 'ಪ್ರಿಫರ್ಡ್'.

ಒಬ್ಬ ಅಜ್ಜನ ಕಥೆ ಹೇಳುತ್ತೇನೆ. ಭಾನುವಾರ ಹೇಳೋಕೆ ಹೊರಟಿದ್ದೆ, ನೀನು ಬಿಡಲಿಲ್ಲ.

ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಗದ್ದೆ, ಮನೆ ಎಲ್ಲಾ ನೀರಿಗೆ ಬಿಟ್ಟುಕೊಟ್ಟ ಮುಳುಗಡೆ ಜನ. ಹಿನ್ನೀರಿನ ಸೇತುವೆ ಆಗಿದ್ದು ಮೊನ್ನೆ, 2025ರಲ್ಲಿ. ಅಜ್ಜ ನನ್ನ ಹತ್ತಿರ ಬಂದ ಕಾಲಕ್ಕೆ ಹೊಳೆಬಾಗಿಲಲ್ಲಿ ಲಾಂಚ್ ಹತ್ತಿ, ಆಮೇಲೆ ಬಸ್ಸು ಹಿಡಿದು ಸಾಗರಕ್ಕೆ ಬರಬೇಕಿತ್ತು. ಅಂಗಿಯ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ರೇಷನ್ ಕಾರ್ಡು, ಕಂದಾಯದ ರಸೀದಿ, ಮತ್ತೆ ನಾಲ್ಕು ಮಡಿಕೆಯ ಒಂದು ಇಂಗ್ಲಿಷ್ ಕಾಗದ. ಯಾವ ಆಫೀಸಿನದು ಅಂತ ಬೇಡ ಈಗ. 'ಇದಕ್ಕೊಂದು ಉತ್ತರ ಹೊಡೆದು ಕೊಡಿ ಮಾರಾಯ್ರೇ, ನಮಗೆ ಒಪ್ಪಿಗೆ ಇದೆ ಅಂತ' ಅಂದರು.

ಏನಕ್ಕೆ ಒಪ್ಪಿಗೆ ಅಂತ ಓದಿ ನೋಡಿದೆ. ಅವರ ಜಮೀನಿನ ಅರ್ಜಿ ವಜಾ ಆಗಿತ್ತು. ಕೊನೆಯಲ್ಲಿ ಒಂದು ಸಾಲು. ಈ ಆದೇಶದಿಂದ ನೊಂದವರು ಕಾಗದ ಕೈಸೇರಿದ 30 ದಿನದೊಳಗೆ 'ಮೇ ಪ್ರಿಫರ್ ಆ್ಯನ್ ಅಪೀಲ್' ಅಂತ. ಆ ಪ್ರಿಫರ್ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ 'ಇಷ್ಟಪಡು' ಅಂತ ಬರೆದಿತ್ತು. ಪಿಯುಸಿ ಓದುವ ಮೊಮ್ಮಗ ಡಿಕ್ಷನರಿ ನೋಡಿ ಬರೆದಿದ್ದನಂತೆ. ಹುಡುಗ ಬರೆದದ್ದು ಸುಳ್ಳೇನಲ್ಲ, ಡಿಕ್ಷನರಿಯಲ್ಲಿ ಮೊದಲು ಇರುವುದು ಅದೇ ಅರ್ಥ. ಕೋರ್ಟು ಕಚೇರಿಯ ಇಂಗ್ಲಿಷಿನಲ್ಲಿ ಮಾತ್ರ ಅದಕ್ಕೆ ಸಲ್ಲಿಸು ಅಂತ ಅರ್ಥ. ಅಜ್ಜ ತಿಳಿದುಕೊಂಡಿದ್ದು, ಸರ್ಕಾರದವರು ತಮ್ಮ ಇಷ್ಟ ಕೇಳುತ್ತಿದ್ದಾರೆ, ಇಷ್ಟ ಇದ್ದರೆ ಒಂದು ಮಾತು ತಿಳಿಸಿ ಅಂದಿದ್ದಾರೆ ಅಂತ. ಗದ್ದೆ ಕೆಲಸ ಮುಗಿಸಿ ನಿಧಾನಕ್ಕೆ ಬಂದಿದ್ದರು. 30 ದಿನ ಯಾವತ್ತೋ ದಾಟಿತ್ತು.

ವಕೀಲರ ಹತ್ತಿರ ಕರೆದುಕೊಂಡು ಹೋದೆ. ತಡವಾದರೂ ಸರಿಯಾದ ಕಾರಣ ತೋರಿಸಿದರೆ ಮನ್ನಾ ಮಾಡಬಹುದು, 1963ರ ಲಿಮಿಟೇಷನ್ ಆ್ಯಕ್ಟಿನ 5ನೇ ಕಲಂ ಇದೆ, ನೋಡೋಣ ಅಂದರು. ಅಫಿಡವಿಟ್ ಡಿಕ್ಟೇಟ್ ಮಾಡಿದರು, ನಾನು ಹೊಡೆದೆ. ತಡಕ್ಕೆ ಕಾರಣ ಏನು ಅಂತ ಹಾಕಿಸಿದರು ಗೊತ್ತಾ? 'ಡ್ಯೂ ಟು ಅನ್‌ಅವಾಯ್ಡಬಲ್ ಸರ್ಕಮ್‌ಸ್ಟನ್ಸಸ್.' ಅಲ್ಲ ಪುಟ್ಟೀ, ಇದ್ದ ಕಾರಣ ಒಂದೇ, ನಿಮ್ಮ ಕಾಗದ ನಮಗೆ ಅರ್ಥ ಆಗಲಿಲ್ಲ ಅನ್ನೋದು. ಅದನ್ನೇ ಮತ್ತೊಂದು ಅರ್ಥವಾಗದ ಸಾಲಿನ ಅಡಿಗೆ ಹಾಕಿ ಮುಚ್ಚಿದ್ದಾಯಿತು. ಅಜ್ಜ ಹೆಬ್ಬೆಟ್ಟು ಒತ್ತಿ, ಕಾಪಿ ಮಡಚಿ ಅದೇ ಕವರಿಗೆ ಹಾಕಿಕೊಂಡರು. ಟೈಪಿಂಗ್ ದುಡ್ಡು ಬೇಡ ಅಂದರೂ ಕೇಳಲಿಲ್ಲ. ಕೊನೆಯ ಲಾಂಚ್ ತಪ್ಪುತ್ತದೆ ಅಂತ ಓಡಿದರು. ಮತ್ತೆ ನನ್ನ ಹತ್ತಿರ ಬರಲಿಲ್ಲ. ಅರ್ಜಿ ಏನಾಯಿತೋ. ವಕೀಲರೂ ತೀರಿಕೊಂಡರು.

ಈಗಲೂ ರಾತ್ರಿ ಎಚ್ಚರ ಆದರೆ ಆ ಪೆನ್ಸಿಲ್ ಗೆರೆ ನೆನಪಾಗುತ್ತದೆ. ಇಷ್ಟಪಡು. ಆ ಹುಡುಗ ಈಗ ದೊಡ್ಡವನಾಗಿ, ಪ್ರಿಫರ್ ಅಂದರೆ ಏನು ಅಂತ ತಿಳಿದುಕೊಂಡಿದ್ದರೆ ಅವನಿಗೆ ಹೇಗಾಗಿರಬೇಡ?

ಇದೆಲ್ಲಾ ಹಳೇ ಕಾಲದ್ದು ಅನ್ನಬೇಡ. ಸಾಮಾನ್ಯ ಜನರಿಗಾಗಿಯೇ ಮಾಡಿದ ಮಾಹಿತಿ ಹಕ್ಕು ಕಾಯ್ದೆ 2005ರದ್ದು. ಅದರ 19ನೇ ಕಲಮಿನಲ್ಲೂ 30 ದಿನದೊಳಗೆ 'ಪ್ರಿಫರ್ ಆ್ಯನ್ ಅಪೀಲ್' ಅಂತಲೇ ಇದೆ. ನಮ್ಮ ಕನ್ನಡದ ಆಫೀಸುಗಳೇನು ಕಡಿಮೆ ಇಲ್ಲ, 'ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ' ಅಂತ ಶುರು ಮಾಡಿ ಮುಂದಿನ ಪುಟದಲ್ಲಿ ವಿಷಯಕ್ಕೆ ಬರುತ್ತಾರೆ.

ನಿನ್ನ ಲೆಟರಿಗೆ ಬರುತ್ತೇನೆ. ಅದನ್ನು ಯಾರು ಓದುತ್ತಾರೆ ಹೇಳು. ಗಂಡನನ್ನೋ ತಾಯಿಯನ್ನೋ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದವರು. ಸಾಲ ಮಾಡಿ ಬಿಲ್ ಕಟ್ಟಿದವರು. ನೀಡ್‌ಫುಲ್ ಮಾಡಿ ಅಂದರೆ ಅವರು ಏನು ಮಾಡಬೇಕು? ಆಸ್ಪತ್ರೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಸಮ್ಮರಿ ಕಳಿಸಬೇಕು ಅಂತ ನಿನಗೆ ಗೊತ್ತಿದೆ. ಗೊತ್ತಿದ್ದವರು ಬರೆಯಲಿಲ್ಲ ಅಂದರೆ ಗೊತ್ತಿಲ್ಲದವರು ಹೇಗೆ ಕಳಿಸುತ್ತಾರೆ? ರಿವರ್ಟ್ ಅಂದರೆ ಮೊದಲಿದ್ದ ಸ್ಥಿತಿಗೆ ಮರಳುವುದು. ಉತ್ತರ ಕೊಡಿ ಅನ್ನೋ ಅರ್ಥ ನಮ್ಮ ಕಡೆಯ ಆಫೀಸುಗಳಲ್ಲಿ ಬೆಳೆದದ್ದು. ಅದಕ್ಕೆ ಬ್ಯಾಕ್ ಬೇರೆ. 'ರಿಪ್ಲೈ' ಅಂತ ಐದಕ್ಷರದ ಪದ ಇಂಗ್ಲಿಷಿನಲ್ಲೇ ಇದೆಯಲ್ಲ. 'ಅರ್ಲಿಯೆಸ್ಟ್' ಬದಲು ತಾರೀಕು ಹಾಕು. ನಾನು ತಿದ್ದಿದ್ದು ಇಷ್ಟೇ:

'ವಿ ಕೆನಾಟ್ ಪೇ ಯುವರ್ ಕ್ಲೇಮ್ ಯೆಟ್. ಪ್ಲೀಸ್ ಸೆಂಡ್ ಅಸ್ ದ ಡಿಸ್ಚಾರ್ಜ್ ಸಮ್ಮರಿ ಅಂಡ್ ದ ಫೈನಲ್ ಬಿಲ್ ಬೈ 20 ಜೂನ್. ಇಫ್ ಯು ನೀಡ್ ಹೆಲ್ಪ್, ಕಾಲ್ ಅಸ್.' ಕೆಳಗೆ ನಂಬರು.

ನೀನು ಇದನ್ನು ಎಲ್‌ಕೆಜಿ ಇಂಗ್ಲಿಷ್ ಅಂದೆ. ಮುಖಕ್ಕೆ ಹೊಡೆದ ಹಾಗಿದೆ, ಮರ್ಯಾದೆ ಇಲ್ಲ ಅಂದೆ. ನನಗೆ ಹಾಗೆ ಅನಿಸಲ್ಲ. 'ಪ್ಲೀಸ್' ಇದೆ. ಅವರ ಬಸ್ ಚಾರ್ಜು, ಫೋನ್ ಕರೆನ್ಸಿ ಉಳಿಸುವುದೂ ಮರ್ಯಾದೆಯೇ. ಕ್ಲೇಮ್ ಕೊಡಲ್ಲ ಅಂತಲೇ ತೀರ್ಮಾನ ಆಗಿದ್ದರೆ ಇನ್ನೂ ನೇರ ಬರೆಯಬೇಕು. ಯಾಕೆ ಕೊಡಲ್ಲ ಅಂತ ಒಂದು ಸಾಲು. ಆಮೇಲೆ, ಒಪ್ಪಿಗೆ ಆಗದಿದ್ದರೆ ಮೊದಲು ಕಂಪನಿಗೆ ದೂರು ಬರೆದು ಕೊಡಿ, ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ ವಿಮೆಯ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಿ, ಅದಕ್ಕೆ ಒಂದು ವರ್ಷ ಟೈಮ್ ಇದೆ, ಫೀಸು ಇಲ್ಲ ಅಂತ. ಇದನ್ನು ಬರೆದರೆ ಮ್ಯಾನೇಜರಿಗೆ ಖುಷಿ ಆಗಲಿಕ್ಕಿಲ್ಲ. ಬರೆಯಬೇಕಾದ್ದು ಮಾತ್ರ ಅದೇ.

ನೋಡು, ಪಾಠ ಮಾಡಬಾರದು ಅಂತ ಅಮ್ಮನಿಗೆ ಮಾತು ಕೊಟ್ಟು ಕೂತಿದ್ದೆ.

ಇದು ಅಪ್ಪನ ಹುಚ್ಚು ಅಂತ ಮಾತ್ರ ತಿಳಿಯಬೇಡ. ಇಂಗ್ಲೆಂಡಿನಲ್ಲಿ ಕ್ರಿಸ್ಸಿ ಮಾಹರ್ ಅಂತ ಒಬ್ಬ ಹೆಂಗಸು, ಲಿವರ್‌ಪೂಲಿನವರು, ಹದಿಹರೆಯದವರೆಗೂ ಓದು ಬರಹ ಬರುತ್ತಿರಲಿಲ್ಲ. 1979ರಲ್ಲಿ ಲಂಡನ್ ಪಾರ್ಲಿಮೆಂಟಿನ ಎದುರು ನಿಂತು ಸರ್ಕಾರದ ಅರ್ಥವಾಗದ ಫಾರಮ್ಮುಗಳನ್ನೆಲ್ಲಾ ಚೂರು ಚೂರು ಮಾಡಿದರು. ಸರಳ ಇಂಗ್ಲಿಷಿಗಾಗಿ ಒಂದು ಚಳವಳಿಯನ್ನೇ ಕಟ್ಟಿದರು. ಇಂಗ್ಲಿಷ್ ಹುಟ್ಟಿದ ಊರಲ್ಲೇ ಈ ಕಥೆ! ಅಮೆರಿಕದಲ್ಲಿ 2010ರಲ್ಲಿ ಕಾನೂನೇ ಆಯಿತು, ಸರ್ಕಾರದವರು ಜನರಿಗೆ ಅರ್ಥವಾಗುವ ಹಾಗೆ ಬರೆಯಬೇಕು ಅಂತ. ಫ್ಯಾಕ್ಟರಿ ಗೇಟಿನಲ್ಲಿ ಬೋರ್ಡ್ ಹಾಕಿಕೊಳ್ಳುತ್ತಾರಲ್ಲ ಐಎಸ್‌ಒ, ಜಗತ್ತಿಗೆಲ್ಲಾ ಸ್ಟ್ಯಾಂಡರ್ಡ್ ಮಾಡುವ ಸಂಸ್ಥೆ, ಅವರೂ 2023ರಲ್ಲಿ ಸರಳ ಭಾಷೆಗೆ ಒಂದು ಸ್ಟ್ಯಾಂಡರ್ಡ್ ತಂದಿದ್ದಾರೆ. ನಿನ್ನ ಮ್ಯಾನೇಜರಿಗೆ ಅಪ್ಪ ಹೇಳಿದರು ಅನ್ನಬೇಡ, ಐಎಸ್‌ಒ ಅನ್ನು.

ಹಾಗಂತ ನಮ್ಮ ಇಂಗ್ಲಿಷೆಲ್ಲಾ ಕೆಟ್ಟದ್ದು ಅಂತಲೂ ಅಲ್ಲ. 'ಪ್ರಿಪೋನ್' ಅಂದಿದ್ದಕ್ಕೆ ನಿನ್ನ ಟೀಮಿನಲ್ಲಿ ಯಾರೋ ನಕ್ಕರು ಅಂದಿದ್ದೆಯಲ್ಲ. ಧೈರ್ಯವಾಗಿ ಬಳಸು. ಓದಿದ ತಕ್ಷಣ ತಿಳಿಯುತ್ತದೆ, ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೂ ಸೇರಿದೆ. ನಕ್ಕವರು ಮೀಟಿಂಗ್ ಬೇಗ ಇಡೋದಕ್ಕೆ ಬೇರೆ ಒಂದು ಪದ ಹೇಳಲಿ ನೋಡೋಣ.

ಕೆಲಸ ಹೊಸದು, ಪ್ರೊಬೇಷನ್ ಮುಗಿದಿಲ್ಲ, ಮೇಲಿನವರು ಕೊಟ್ಟ ಟೆಂಪ್ಲೇಟ್ ಮುಟ್ಟೋಕೆ ಆಗಲ್ಲ ಅಂದೆ. ಅದು ನಿಜ. ನಿನ್ನ ಕೆಲಸ ಹೋಗುವಂಥದ್ದು ಏನೂ ಮಾಡಬೇಡ. ಬಾಡಿಗೆ, ಅಡ್ವಾನ್ಸು ಎಲ್ಲಾ ಇದೆ. ಟೆಂಪ್ಲೇಟ್ ಹಾಗೇ ಇರಲಿ, ಕೆಳಗೆ ಒಂದು ಸಾಲು ಸೇರಿಸೋಕೆ ಬಿಡುತ್ತಾರಾ ಕೇಳು. ಏನು ಕಳಿಸಬೇಕು, ಯಾವತ್ತಿನ ಒಳಗೆ, ಯಾರಿಗೆ. ಬಿಡದಿದ್ದರೆ ಸುಮ್ನಿರು. ಫೋನಲ್ಲಿ ಕೇಳಿದವರಿಗೆ ಕನ್ನಡದಲ್ಲಿ ಹೇಳು. ಅದನ್ನು ಯಾರೂ ತಡೆಯಲ್ಲ.

ಇಲ್ಲಿ ಮಳೆ ಹಿಡಿದಿದೆ. ತೋಟಕ್ಕೆ ಮೊದಲನೇ ಸಲದ ಬೋರ್ಡೋ ಔಷಧಿ ಹೊಡೆಸಿಯಾಯಿತು, ಎರಡನೆಯದಕ್ಕೆ ಮರ ಹತ್ತುವ ಕೊನೆಗಾರರು ಸಿಗುತ್ತಿಲ್ಲ. ಕೊಳೆರೋಗ ಬಂದರೆ ಈ ವರ್ಷದ ಅಡಿಕೆ ಕಥೆ ಅಷ್ಟೇ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ನಿನ್ನ ಬ್ಯಾಗಿನ ತಳದಲ್ಲಿ ಇಟ್ಟಿದ್ದಾಳೆ, ನೋಡಿದೆಯಾ? ಎಣ್ಣೆ ಸೋರಿದೆಯೇನೋ ಅಂತ ಅವಳಿಗೆ ಚಿಂತೆ. ರಾತ್ರಿ ಮ್ಯಾಗಿ ತಿಂದು ಮಲಗಬೇಡ. ನನಗಲ್ಲದಿದ್ದರೂ ಅವಳಿಗಾದರೂ ಫೋನ್ ಮಾಡು.

ಇತಿ,
ಅಪ್ಪ

ವಿ.ಸೂ.: ಕಾಗದ ಅಂಟಿಸೋಕೆ ಮುಂಚೆ ನಿನ್ನ ಲೆಟರನ್ನು ಇನ್ನೊಮ್ಮೆ ನೋಡಿದೆ. ಎರಡನೇ ಪ್ಯಾರಾದಲ್ಲಿ 'ಡಿಸ್ಕಸ್ ಅಬೌಟ್' ಅಂತ ಇದೆ. ಅಬೌಟ್ ತೆಗೆದುಹಾಕು. ಇದಕ್ಕೆ ಮ್ಯಾನೇಜರನ್ನು ಕೇಳಬೇಕಾಗಿಲ್ಲ.